ಸೇಡಂ ದಾರಿಯ ರೈಲು: ಥ್ರಿಲ್ಲರ್ ಸಂಕಲನದಲ್ಲಿ ಕಾಯಿಸುವಿಕೆಯ ಕುರಿತು ಒಂದು ಟಿಪ್ಪಣಿ

ಥ್ರಿಲ್ಲರ್ ಸಿನಿಮಾದ ಬಗ್ಗೆ ಬರೆಯುವಾಗ ‘ಸಂಕಲನ ಚುರುಕಾಗಿದೆ’ ಎಂದು ಒಂದು ಸಾಲು ಸೇರಿಸಿ ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ಚುರುಕಿಗೂ ಸಸ್ಪೆನ್ಸಿಗೂ ಇರುವ ನಂಟು ತೀರಾ ತೆಳುವಾದದ್ದು. ಯಾರಿಗೆ ಯಾವ ಸಂಗತಿ ಯಾವಾಗ ಗೊತ್ತಾಗಬೇಕು, ಗೊತ್ತಾದ ಮೇಲೆ ಎಷ್ಟು ಹೊತ್ತು ಕಾಯಿಸಬೇಕು ಎಂಬ ಲೆಕ್ಕಾಚಾರವೇ ಸಂಕಲನಕಾರನ ಮುಖ್ಯ ಕೆಲಸ.

ಈ ಲೆಕ್ಕವನ್ನು ನಮ್ಮ ಕಲಬುರಗಿ ಸೀಮೆಯ ನಕ್ಷೆಯ ಮೇಲೆಯೇ ಬಿಡಿಸಿ ನೋಡಬಹುದು. ಮುಂಬೈ–ಚೆನ್ನೈ ಮಾರ್ಗದಲ್ಲಿ ಶಹಾಬಾದ್ ದಾಟಿದರೆ ವಾಡಿ ಜಂಕ್ಷನ್. ಅಲ್ಲಿಂದ ಕವಲೊಡೆದು ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೂಲಕ ಸಿಕಂದರಾಬಾದಿಗೆ ಹೋಗುವ ಹಳಿ ನಿಜಾಮರ ಕಾಲದ್ದು, 1874ರಲ್ಲಿ ತೆರೆದದ್ದು. ಪಕ್ಕದ ತಾಲೂಕು ಚಿಂಚೋಳಿಗೆ ರೈಲಿಲ್ಲ. ಈಗ ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ವಾಡಿಯಲ್ಲಿ ಹುಡುಗನೊಬ್ಬ ಯಾರೋ ಕೊಟ್ಟ ಬ್ಯಾಗು ಹಿಡಿದು ರೈಲು ಹತ್ತುತ್ತಾನೆ. ಅದರಲ್ಲಿ ಏನಿದೆ ಎಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನನ್ನು ಸೇಡಂ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಲು ಅವನ ಅಣ್ಣ ಚಿಂಚೋಳಿಯಿಂದ ಜೀಪಿನಲ್ಲಿ ಹೊರಟಿದ್ದಾನೆ. ಮಳೆಗಾಲ, ಮುಲ್ಲಾಮಾರಿ ಹೊಳೆ ತುಂಬಿ ಹರಿಯುತ್ತಿದೆ. ಹಳಿಯ ಮೇಲಿನ ಗಾಡಿಯನ್ನು ತಡೆಯುವವರಿಲ್ಲ, ರಸ್ತೆಯ ಮೇಲಿನ ಗಾಡಿಗೆ ನೂರೆಂಟು ತಡೆ. ರೈಲು ಚಿತ್ತಾಪುರ ಬಿಟ್ಟಿತು ಎಂಬ ಶಾಟಿನ ಪಕ್ಕಕ್ಕೆ ಕೆಸರಲ್ಲಿ ಹೂತ ಚಕ್ರದ ಶಾಟು ಬಂದರೆ ಸಾಕು, ಎದೆ ಹೊಡೆದುಕೊಳ್ಳಲು ಶುರು. ಸೇಡಂ ಹತ್ತಿರವಾದಂತೆ ಒಂದೊಂದು ಶಾಟೂ ಮೊಟಕಾಗುತ್ತದೆ. ವಿಚಿತ್ರವೆಂದರೆ ಒಟ್ಟು ಹೊತ್ತು ಹಿಗ್ಗುತ್ತದೆ. ನಿಜದಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಕೊನೆಯ ಓಟ ತೆರೆಯ ಮೇಲೆ ನಾಲ್ಕು ನಿಮಿಷ ಓಡಬಹುದು. ಕಟ್ ಹೆಚ್ಚಾದದ್ದು ಕಾಲವನ್ನು ನಿಧಾನಿಸುವುದಕ್ಕಾಗಿ.

ಡಿ. ಡಬ್ಲ್ಯು. ಗ್ರಿಫಿತ್ 1911ರಲ್ಲಿ ‘ದಿ ಲೋನ್‌ಡೇಲ್ ಆಪರೇಟರ್’ ಎಂಬ ಮೂಕಿ ಚಿತ್ರದಲ್ಲಿ ಇದನ್ನೇ ಮಾಡಿದ. ಒಂಟಿ ರೈಲು ನಿಲ್ದಾಣದಲ್ಲಿ ತಂತಿ ಕಳಿಸುವ ಹುಡುಗಿ, ಹೊರಗೆ ಬಾಗಿಲು ಒಡೆಯುತ್ತಿರುವ ಕಳ್ಳರು, ದೂರದಿಂದ ಧಾವಿಸುವ ಎಂಜಿನ್. ಮುಂದಿನ ಸ್ಟೇಷನ್ನಿನ ತಂತಿಯವ ನಿದ್ದೆ ಹೊಡೆಯುತ್ತಿರುತ್ತಾನೆ! ಹುಡುಗಿ ಕತ್ತಲಲ್ಲಿ ಕಳ್ಳರತ್ತ ಗುರಿಯಿಟ್ಟು ಹಿಡಿದದ್ದು ಪಿಸ್ತೂಲಲ್ಲ, ಸ್ಪ್ಯಾನರ್ ಎಂಬುದನ್ನು ಗ್ರಿಫಿತ್ ಕೊನೆಯ ಕ್ಲೋಸಪ್ಪಿನವರೆಗೆ ಬಚ್ಚಿಟ್ಟಿದ್ದಾನೆ. ಒಂದು ಸಂಗತಿಯನ್ನು ಮೊದಲೇ ಹೇಳಿ ಕಾಯಿಸುವುದು, ಇನ್ನೊಂದನ್ನು ಮುಚ್ಚಿಟ್ಟು ಬೆಚ್ಚಿಬೀಳಿಸುವುದು, ಎರಡೂ ಇಷ್ಟು ಚಿಕ್ಕ ಚಿತ್ರದಲ್ಲಿವೆ. ಹಿಚ್‌ಕಾಕ್ ಮುಂದೆ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ವಿವರಿಸಿದ್ದು ಈ ವ್ಯತ್ಯಾಸವನ್ನೇ: ಬಾಂಬಿದೆ ಎಂದು ನೋಡುವವನಿಗೆ ಮೊದಲೇ ಗೊತ್ತಿದ್ದರೆ ಸಸ್ಪೆನ್ಸ್, ಗೊತ್ತಿಲ್ಲದೆ ಸಿಡಿದರೆ ಬರೀ ಬೆಚ್ಚು.

ಕಟ್ ಮಾಡದಿರುವುದೂ ಸಂಕಲನದ ತೀರ್ಮಾನವೇ ಎಂಬುದಕ್ಕೆ ಹಿಚ್‌ಕಾಕನ 1948ರ ‘ರೋಪ್’ ಸಾಕ್ಷಿ. ಹೆಣ ಅಡಗಿಸಿದ ಪೆಟ್ಟಿಗೆಯ ಮೇಲಿಟ್ಟ ಊಟದ ಸಾಮಾನನ್ನು ಮನೆಗೆಲಸದಾಕೆ ಒಂದೊಂದಾಗಿ ತೆಗೆಯುತ್ತಾಳೆ, ಅತಿಥಿಗಳ ಮಾತು ಚೌಕಟ್ಟಿನಾಚೆ ಕೇಳುತ್ತಿರುತ್ತದೆ, ಕ್ಯಾಮೆರಾ ಕದಲುವುದಿಲ್ಲ.

ಕನ್ನಡಕ್ಕೆ ಬಂದರೆ ಸಂಕಲನಕಾರನ ಕೈಗೆ ಇನ್ನೆರಡು ತೊಡಕುಗಳು ಬರುತ್ತವೆ. ಮೊದಲನೆಯದು ಹಾಡು. ನಾಯಕಿಗೆ ಅಪಾಯ ಎದುರಾಗಿದೆ ಎಂದು ತಿಳಿದ ಪ್ರೇಕ್ಷಕನಿಗೆ ಐದು ನಿಮಿಷದ ಯುಗಳಗೀತೆ ತೋರಿಸಿದರೆ ಅವನು ಕಾಯುವುದಿಲ್ಲ, ಮರೆತುಬಿಡುತ್ತಾನೆ. ನಿರ್ದೇಶಕ ಸುನೀಲ್ ಕುಮಾರ್ ದೇಸಾಯಿ ಈ ಗಂಟನ್ನು ಬಿಚ್ಚುವ ಗೋಜಿಗೆ ಹೋಗದೆ ಕತ್ತರಿಸಿಯೇ ಹಾಕಿದರು. ಶಂಕರ್ ನಾಗ್ ನಟಿಸಿದ ‘ತರ್ಕ’ (1989), ವಿಷ್ಣುವರ್ಧನ್ ನಟಿಸಿದ ‘ನಿಷ್ಕರ್ಷ’ (1993), ಎರಡರಲ್ಲೂ ಹಾಡಿಲ್ಲ. ‘ತರ್ಕ’ದ ಹಿಡಿತ ಎಂಥದ್ದೆಂದರೆ ಮರುವರ್ಷವೇ ಕೆ. ಎಸ್. ರವಿಕುಮಾರ್ ಅದನ್ನು ತಮಿಳಿಗೆ ಒಯ್ದು ‘ಪುರಿಯಾದ ಪುದಿರ್’ ಮಾಡಿದರು. ಅದು ಅವರ ಮೊದಲ ನಿರ್ದೇಶನ. ಮಣಿಪಾಲದ ಬಹುಮಹಡಿ ಕಟ್ಟಡದಲ್ಲಿ ನಡೆಯುವ ‘ನಿಷ್ಕರ್ಷ’ದ ಸವಾಲು ಬೇರೆ. ಒತ್ತೆಯಾಳುಗಳು, ದರೋಡೆಕೋರರು, ಒಳನುಗ್ಗುವ ಕಮಾಂಡೋಗಳು, ಹೊರಗೆ ನಿಂತ ಪೊಲೀಸರು: ಯಾರು ಎಲ್ಲಿದ್ದಾರೆ ಎಂಬ ಎಣಿಕೆ ನೋಡುವವನ ತಲೆಯಲ್ಲಿ ತಪ್ಪಿದರೆ ಉಳಿಯುವುದು ಬರೀ ಗದ್ದಲ. ಸಸ್ಪೆನ್ಸಿಗೆ ಬೇಕಾದದ್ದು ಮೊದಲು ಸ್ಪಷ್ಟವಾದ ಜಾಗ. ಇವತ್ತಿನ ಹಲವು ಹೊಡೆದಾಟದ ಚಿತ್ರಗಳು ಇದನ್ನು ಮರೆತಿವೆ ಎಂದು ನನ್ನ ಅನಿಸಿಕೆ.

ನಿರ್ದೇಶಕ ಪವನ್ ಕುಮಾರ್ ಬೇರೆಯೇ ದಾರಿ ಹಿಡಿದವರು. ರೈಲು–ಜೀಪಿನ ಸನ್ನಿವೇಶದಲ್ಲಿ ಕಂಡಂಥ ಸಮಾನಾಂತರ ಸಂಕಲನವನ್ನು ನಾವು ಕಣ್ಣುಮುಚ್ಚಿ ನಂಬುತ್ತೇವೆ. ಅಕ್ಕಪಕ್ಕ ಜೋಡಿಸಿದ ಎರಡು ಶಾಟುಗಳು ಒಂದೇ ಘಟನೆಗೆ ಸೇರಿದವು ಎಂದುಕೊಳ್ಳುತ್ತೇವೆ. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ (1991) ಆ ನಂಬಿಕೆಗೇ ಕೈಹಾಕಿತು: ಎಫ್‌ಬಿಐನವರು ಒಂದು ಮನೆಯ ಗಂಟೆ ಒತ್ತುತ್ತಾರೆ, ಕೊಲೆಗಾರ ಬಾಗಿಲು ತೆರೆಯುವುದು ಇನ್ನೊಂದು ಮನೆಯದು. ಪವನ್ ಅವರ ‘ಲೂಸಿಯಾ’ (2013) ಇಡೀ ಚಿತ್ರಕ್ಕೇ ಇಂಥ ಮೋಸವನ್ನು ಹಬ್ಬಿಸಿತು. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಯ ಬದುಕು ಬಣ್ಣದಲ್ಲಿ, ಅವನು ಸ್ಟಾರ್ ಆಗಿರುವ ಬದುಕು ಕಪ್ಪುಬಿಳುಪಿನಲ್ಲಿ. ಬಣ್ಣದ್ದೇ ನಿಜ ಎಂದು ಓದುವ ನಮ್ಮ ಅಭ್ಯಾಸವನ್ನು ಸಂಕಲನ ಕೊನೆಗೆ ತಲೆಕೆಳಗು ಮಾಡುತ್ತದೆ. ‘ಯು ಟರ್ನ್’ (2016) ಬರುವ ಹೊತ್ತಿಗೆ ಆಟ ಇನ್ನೂ ಸರಳ: ಫ್ಲೈಓವರ್ ಮೇಲೆ ವಿಭಜಕದ ಕಲ್ಲು ಸರಿಸಿದ ಯಾವ ಕೈಯನ್ನು ಕಂಡರೂ ಆ ಸವಾರ ಬದುಕುವುದಿಲ್ಲ ಎಂದು ನಮಗೆ ತಿಳಿದುಬಿಡುತ್ತದೆ. ಆಮೇಲೆ ಅವಸರದ ಕಟ್ ಬೇಕಿಲ್ಲ, ಒಂದು ಕಲ್ಲಿನ ಶಾಟು ಸಾಕು.

ಎರಡನೆಯ ತೊಡಕು ಇಂಟರ್ವಲ್. ಹಾಲಿವುಡ್ಡಿನ ಥ್ರಿಲ್ಲರಿಗೆ ಸಾಮಾನ್ಯವಾಗಿ ಇಲ್ಲದ ಈ ಕಟ್ಟನ್ನು ನಮ್ಮಲ್ಲಿ ಚಿತ್ರಕಥೆ ಬರೆಯುವಾಗಲೇ ಗುರುತು ಹಾಕಿಕೊಳ್ಳುತ್ತಾರೆ. ಬಾಗಿಲ ಹಿಡಿಕೆ ತಿರುಗಿತು, ದೀಪ ಹತ್ತಿತು. ಪ್ರೇಕ್ಷಕ ಚಹಾ ಕುಡಿಯುತ್ತಾ ಪಕ್ಕದವನೊಡನೆ ಕೊಲೆಗಾರ ಯಾರೆಂದು ವಾದ ಹೂಡುತ್ತಾನೆ. ಆ ಹೊತ್ತನ್ನೂ ಕಾಯಿಸುವಿಕೆಯ ಲೆಕ್ಕಕ್ಕೆ ಸೇರಿಸಬೇಕು. ಸಂಕಲನಕಾರನಿಗೆ ಪುಕ್ಕಟೆ ಸಿಕ್ಕ ನಿಮಿಷಗಳವು. ಅದೇ ಚಿತ್ರವನ್ನು ಫೋನಿನಲ್ಲಿ ನೋಡುವಾಗ ಹಿಡಿಕೆ ತಿರುಗಿದ ಮರುಕ್ಷಣವೇ ಬಾಗಿಲು ತೆರೆಯುತ್ತದೆ. ಇಂಟರ್ವಲ್ಲಿಗೆಂದು ಏರಿಸಿದ ಉಬ್ಬು ಅಲ್ಲಿ ಕಾರಣವಿಲ್ಲದೆ ನಿಲ್ಲುತ್ತದೆ, ಮುಂದಿನ ಹತ್ತು ನಿಮಿಷ ಸಪ್ಪೆ ಎನಿಸುತ್ತವೆ. ಹಳೆಯ ಥ್ರಿಲ್ಲರುಗಳ ಶಾಟುಗಳನ್ನು ಎಣಿಸಿ ಅಳೆಯ ಹೊರಡುವವರು ಮೊದಲು ಇಂಟರ್ವಲ್ ಎಲ್ಲಿತ್ತು ಎಂದು ಗುರುತಿಸಿಕೊಂಡು, ಅದರ ಎರಡೂ ಬದಿಯನ್ನು ಬೇರೆಬೇರೆಯಾಗಿ ಅಳೆಯುವುದು ಒಳ್ಳೆಯದು.