ಹಾವು ಕಚ್ಚಿ ಸತ್ತವನು ಮತ್ತೆ ಬಂದ

1969ರಲ್ಲಿ ಜಪಾನಿನ ಫೂಜಿ ಟಿವಿಯ ಧಾರಾವಾಹಿಯೊಂದರ ಕೊನೆಯ ಕಂತಿನಲ್ಲಿ ನಾಯಕ ತೊರಾ-ಸಾನ್ ಹಾವು ಕಚ್ಚಿ ಸತ್ತ. ನೋಡುಗರು ಸಿಟ್ಟಿಗೆದ್ದು ಚಾನೆಲ್ಲಿಗೆ ಫೋನ್ ಮೇಲೆ ಫೋನ್ ಮಾಡಿದರು. ಕತೆ ಬರೆದಿದ್ದ ಯೋಜಿ ಯಮಾದಾ ಅದೇ ಆಗಸ್ಟಿನಲ್ಲಿ ಅವನನ್ನು ಸಿನಿಮಾದಲ್ಲಿ ಬದುಕಿಸಿದರು. ಕ್ಲೈಂಟ್ ಕೂಗಾಡಿದರೆ ಮುಚ್ಚಿದ ಪ್ರಾಜೆಕ್ಟನ್ನೂ ನಾವು ತೆರೆಯುತ್ತೇವಲ್ಲ, ಹಾಗೆ. ಆದರೆ ಇದು 1995ರವರೆಗೆ, 48 ಚಿತ್ರಗಳಷ್ಟು ನಡೆಯಿತು.

ತೊರಾ ಆದವರು ಕಿಯೋಶಿ ಅತ್ಸುಮಿ. ಹುಟ್ಟಿದ್ದು 1928ರಲ್ಲಿ, ಟೋಕಿಯೋದಲ್ಲಿ. ಅಸಾಕುಸಾ ಬಡಾವಣೆಯ ಥಿಯೇಟರುಗಳಲ್ಲಿ, ಬಟ್ಟೆ ಕಳಚುವ ಕುಣಿತಗಳ ನಡುವೆ ಜನರನ್ನು ನಗಿಸುತ್ತಿದ್ದರು. ಕ್ಷಯ ಒಂದು ಶ್ವಾಸಕೋಶವನ್ನೇ ತೆಗೆದುಕೊಂಡಿತು. ಓಡಿ ಬಿದ್ದು ನಗಿಸುವುದು ಇನ್ನು ಆಗದ ಮಾತು. ಉಳಿದದ್ದು ಮಾತು, ಮತ್ತು ಆ ಚೌಕ ಮುಖ.

ತೊರಾ ಊರೂರು ತಿರುಗಿ ಸಾಮಾನು ಮಾರುವವನು. ಶಿಬಮಾತಾದಲ್ಲಿರುವ ಚಿಕ್ಕಪ್ಪನ ಸಿಹಿತಿಂಡಿ ಅಂಗಡಿಗೆ ಬರುತ್ತಾನೆ, ಜಗಳವಾಡುತ್ತಾನೆ, ಯಾರನ್ನೋ ಪ್ರೀತಿಸುತ್ತಾನೆ, ಪೆಟ್ಟಿಗೆ ಹಿಡಿದು ಹೊರಡುತ್ತಾನೆ. ಬಹುಕಾಲ ಈ ಚಿತ್ರಗಳು ವರ್ಷಕ್ಕೆರಡು ಸಲ ಬಂದವು: ಪಿತೃಗಳ ಹಬ್ಬ ಓಬೊನ್‌ಗೆ, ಹೊಸ ವರ್ಷಕ್ಕೆ. ನಗರದವರು ಊರಿಗೆ ಹೋಗುವ ಕಾಲವೂ ಅದೇ. ದೀಪಾವಳಿಗೆ ಬಸ್ ಟಿಕೆಟ್‌ಗೆ ಪರದಾಡುವ ನಮಗೆ ಅದರ ಗುಟ್ಟು ಹೇಳಬೇಕಿಲ್ಲ.

ಅತ್ಸುಮಿ ಬೇರೆ ಪಾತ್ರಗಳನ್ನೂ ಮಾಡಿದರು. ಜನ ತೊರಾನನ್ನೇ ಕೇಳಿದರು. ಅವರು ಮಾತ್ರ ಮನೆ, ಹೆಂಡತಿ, ಮಕ್ಕಳನ್ನು ಕ್ಯಾಮೆರಾದಿಂದ ದೂರವೇ ಇಟ್ಟರು. ಕ್ಯಾನ್ಸರ್ ಬಂದದ್ದನ್ನೂ ಬಚ್ಚಿಟ್ಟರು. ಕೊನೆಯ ಚಿತ್ರಗಳಲ್ಲಿ ಸೋದರಳಿಯ ಮಿತ್ಸುಓನ ಕತೆ ಬೆಳೆದು, ತೊರಾ ಕೂತು ಮಾತಾಡುವುದೇ ಹೆಚ್ಚಾಯಿತು. 1996ರ ಆಗಸ್ಟ್ 4ರಂದು ತೀರಿಕೊಂಡರು. ಮನೆಯವರೇ ಅಂತ್ಯಕ್ರಿಯೆ ಮುಗಿಸಿದ ಮೇಲಷ್ಟೇ ದೇಶಕ್ಕೆ ಸುದ್ದಿ.

2019ರಲ್ಲಿ ಯಮಾದಾ 50ನೆಯ ಚಿತ್ರ ಮಾಡಿದರು. ಹಳೆಯ ತುಣುಕುಗಳಲ್ಲಿ ತೊರಾ ಮತ್ತೆ ಬಂದ.