ಯುದ್ಧ ಮುಗಿದ ಮೇಲೆ ಯಾರು? ನಮ್ಮ ಬಾರಾಮಹಲಿನ ಕಥೆ



ಕೃಷ್ಣಗಿರಿಯ ಬಂಡೆಕೋಟೆಯನ್ನು ಬಸ್ಸಿನ ಕಿಟಕಿಯಿಂದ ನಾವೆಲ್ಲರೂ ನೋಡಿದ್ದೇವೆ. ರಾಯಕೋಟೆ ಬೆಟ್ಟ ಹತ್ತಿದವರೂ ನಮ್ಮಲ್ಲಿದ್ದಾರೆ. ಕೋಟೆ ಎಂದ ಕೂಡಲೇ ಯಾರು ಗೆದ್ದರು, ಯಾರು ಸೋತರು ಎಂದು ಕೇಳುತ್ತೇವೆ. ಈ ಸಲ ಬೇರೊಂದು ಪ್ರಶ್ನೆ ಕೇಳೋಣ. ಯುದ್ಧ ನಿಂತ ಮೇಲೆ ಇಲ್ಲಿ ಆಡಳಿತವನ್ನು ಮತ್ತೆ ಕಟ್ಟಿದವರು ಯಾರು? ಸೈನಿಕರೋ, ನಾಗರಿಕ ಅಧಿಕಾರಿಗಳೋ? ಅವರ ಕೆಲಸದಿಂದ ಬಡ ರೈತನಿಗೆ ಏನಾಯಿತು?

ಈಗಿನ ಕೃಷ್ಣಗಿರಿ, ಧರ್ಮಪುರಿ, ತಿರುಪತ್ತೂರು ಸುತ್ತಲಿನ ಸೀಮೆಗೆ ಆಗ ಬಾರಾಮಹಲ್ ಎಂದು ಹೆಸರು. 1767ರಿಂದ 1792ರವರೆಗೆ, ಅಂದರೆ 25 ವರ್ಷಗಳಲ್ಲಿ, ಮೈಸೂರಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮೂರು ಯುದ್ಧಗಳಾದವು. ಘಟ್ಟ ಹತ್ತುವ, ಇಳಿಯುವ ಸೇನೆಗಳಿಗೆ ನಮ್ಮ ಸೀಮೆಯೇ ದಾರಿ. ಸೇನೆ ಹೋದಲ್ಲೆಲ್ಲ ಎತ್ತು, ಧಾನ್ಯ, ಮೇವು ಅದರ ಹಿಂದೆ ಹೋಗುತ್ತಿದ್ದವು. 1791ರ ಜುಲೈಯಲ್ಲಿ ಹೊಸೂರು ಮತ್ತು ರಾಯಕೋಟೆ ಕಂಪನಿಯ ಕೈಸೇರಿದವು. ಅದೇ ನವೆಂಬರಿನಲ್ಲಿ ಕೃಷ್ಣಗಿರಿಯ ಮೇಲೂ ದಾಳಿ ನಡೆಯಿತು. ಪೇಟೆ ಬಿದ್ದಿತು, ಬಂಡೆಯ ಮೇಲಿನ ಕೋಟೆ ಬೀಳಲಿಲ್ಲ. ಕೊನೆಗೆ 1792ರ ಮಾರ್ಚಿನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ತನ್ನ ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಡಬೇಕಾಯಿತು. ಬಾರಾಮಹಲ್ ಕಂಪನಿಗೆ ಬಂತು. ಘಟ್ಟದ ಮೇಲಿನ ಹೊಸೂರು ಟಿಪ್ಪುವಿನ ಬಳಿಯೇ ಉಳಿಯಿತು.

ಹೊಸ ಸೀಮೆಯನ್ನು ಆಳಬೇಕಾದವರು ಮದ್ರಾಸಿನ ನಾಗರಿಕ ಅಧಿಕಾರಿಗಳು. ಆದರೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅವರನ್ನು ಕಳುಹಿಸಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಜನರ ಭಾಷೆ ಬರುತ್ತಿರಲಿಲ್ಲ. ಎಲ್ಲಕ್ಕೂ ದುಭಾಷಿಗಳನ್ನೇ ನಂಬಿದ್ದರು. ಕಾರ್ನ್‌ವಾಲಿಸ್ ಆರಿಸಿದ್ದು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬ ಸೈನಿಕನನ್ನು. ಯುದ್ಧಕಾಲದಲ್ಲಿ ಆಂಬೂರಿನಿಂದ ಬೇಹುಗಾರಿಕೆ ನಡೆಸಿದ್ದ ಅವನಿಗೆ ದಾರಿ, ಊರು, ಜನ ಎಲ್ಲವೂ ಗೊತ್ತಿತ್ತು. ಅವನ ಸಹಾಯಕರಾಗಿ ಬಂದ ಗ್ರಹಾಂ, ಮೆಕ್ಲಿಯಡ್, ಥಾಮಸ್ ಮನ್ರೋ ಮೂವರೂ ಸೈನಿಕರೇ. ಮನ್ರೋನ ಪಾಲಿಗೆ ಧರ್ಮಪುರಿಯಿದ್ದ ನಡುವಿನ ಭಾಗ ಬಂತು. ಅಲ್ಲಿ ಅವನು ಸುಮಾರು ಏಳು ವರ್ಷ ಇದ್ದ.

ಇವರು ಮಾಡಿದ ಕೆಲಸವೇನು? ಕೋವಿ ಬದಿಗಿಟ್ಟು ಅಳತೆಯ ಸರಪಳಿ ಹಿಡಿಸಿದರು. ಹಳ್ಳಿಹಳ್ಳಿಗೆ ಹೋಗಿ ಹೊಲಗಳನ್ನು ಒಂದೊಂದಾಗಿ ಅಳೆಸಿದರು, ಮಣ್ಣಿನ ಗುಣ ನೋಡಿದರು, ರೈತರ ಹೆಸರು ಬರೆಸಿದರು. ಕರಣಿಕರು, ಪಟೇಲರು, ಗುಮಾಸ್ತರು ಇಲ್ಲದೆ ಇದು ಒಂದು ದಿನವೂ ನಡೆಯುತ್ತಿರಲಿಲ್ಲ. 1796ರಲ್ಲಿ ರೀಡ್ ಒಂದು ಪ್ರಕಟಣೆ ಹೊರಡಿಸಿದ. ರೈತನು ತಾನು ಉಳುವ ಹೊಲಕ್ಕೆ ಮಾತ್ರ ಕಂದಾಯ ಕೊಟ್ಟರೆ ಸಾಕು. ಬೇಡವಾದ ಹೊಲವನ್ನು ಮುಂದಿನ ವರ್ಷಕ್ಕೆ ಬಿಟ್ಟುಬಿಡಬಹುದು. ಮುಂದೆ ದಕ್ಷಿಣ ಭಾರತದಲ್ಲೆಲ್ಲ ಹರಡಿದ ರೈತವಾರಿ ಪದ್ಧತಿ ಮೊಳೆತದ್ದು ಹೀಗೆ, ನಮ್ಮ ಮಣ್ಣಿನಲ್ಲಿ.

ಇದನ್ನು ದಯೆಯ ಕಥೆ ಎಂದುಕೊಳ್ಳಬೇಡಿ. ಕಂಪನಿಗೆ ಬೇಕಾಗಿದ್ದದ್ದು ಕಂದಾಯ. ವಸೂಲಿ ಮಾಡುವವನೂ ದೂರು ಕೇಳುವವನೂ ಒಬ್ಬನೇ ಆದಾಗ ರೈತ ಯಾರ ಬಳಿ ಹೋಗಬೇಕು? ಕಂದಾಯವೂ ಹಗುರವಾಗಿರಲಿಲ್ಲ. ಆದರೂ ಒಂದು ಮಾತು ನಿಜ: ಹೊಲವನ್ನು ಕಣ್ಣಾರೆ ನೋಡಿದ ಅಧಿಕಾರಿಗೆ ಹೊಲದ ಕಷ್ಟವೂ ಕಾಣುತ್ತದೆ. ಮುಂದೆ ಬಳ್ಳಾರಿ ಸೀಮೆಯ ಕಲೆಕ್ಟರ್ ಆದ ಮನ್ರೋ, 1807ರಲ್ಲಿ ಕಂದಾಯವನ್ನು ಕಾಲು ಭಾಗ ಇಳಿಸಬೇಕೆಂದು ಬರೆದ. ಮೇಲಿನವರು ಒಪ್ಪಲಿಲ್ಲ. 1820ರಲ್ಲಿ ತಾನೇ ಮದ್ರಾಸಿನ ಗವರ್ನರ್ ಆಗಿ ಬಂದ ಮೇಲೆ ಅದನ್ನು ಜಾರಿಗೆ ತಂದ.

ಬಾರಾಮಹಲಿನಲ್ಲಿ ಸೈನಿಕರ ನಂತರ ನಾಗರಿಕ ಆಡಳಿತ ಬಂತು. ಒಳ್ಳೆಯದಾಯಿತೇ? 1802ರಿಂದ ಕೆಲವೇ ವರ್ಷಗಳಲ್ಲಿ, ಬಂಗಾಳದ ಮಾದರಿಯಂತೆ, ಸೀಮೆಯನ್ನು ಮಿಟ್ಟಾಗಳೆಂದು ತುಂಡುಮಾಡಿ ಹರಾಜು ಹಾಕಿದರು. ರೈತನಿಗೂ ಸರ್ಕಾರಕ್ಕೂ ನಡುವೆ ಮಿಟ್ಟಾದಾರ ಬಂದು ಕುಳಿತ. ಬಹಳ ಮಿಟ್ಟಾದಾರರು ಹಣ ಕಟ್ಟಲಾಗದೆ ಸೋತರು, ಅವರ ಮಿಟ್ಟಾಗಳು ಸರ್ಕಾರಕ್ಕೇ ಹಿಂದಿರುಗಿದವು. ಹೊಲ ನೋಡದೆ ದೂರದಲ್ಲಿ ಮಾಡಿದ ತೀರ್ಮಾನ ಹೀಗಾಯಿತು. ಸಮವಸ್ತ್ರ ಕಳಚಿದ ಮಾತ್ರಕ್ಕೆ ಆಡಳಿತ ಜನರದ್ದಾಗುವುದಿಲ್ಲ.

ಇದೇ ಹೊತ್ತಿಗೆ ಘಟ್ಟದ ಮೇಲೆ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರಾಜ್ಯವನ್ನು ಹಂಚಿದಾಗ ಹೊಸೂರು ಕಂಪನಿಯ ಪಾಲಾಯಿತು. ಮನೆಯಲ್ಲಿ ಕನ್ನಡ ಮಾತಾಡುವ ನಾವು ಇಂದು ತಮಿಳುನಾಡಿನಲ್ಲಿರುವುದಕ್ಕೆ ಆ ಹಂಚಿಕೆಯೂ ಒಂದು ಕಾರಣ. ಉಳಿದ ಮೈಸೂರಿನಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದರು. ಸೇನೆಯ ಹೊಣೆ ಆರ್ಥರ್ ವೆಲ್ಲೆಸ್ಲಿಯದು. ಆಡಳಿತದ ಹೊಣೆ ದಿವಾನ್ ಪೂರ್ಣಯ್ಯನವರದು. ಪೂರ್ಣಯ್ಯ ಯಾರು? ಹೈದರ್ ಮತ್ತು ಟಿಪ್ಪು ಇಬ್ಬರಲ್ಲೂ ಕೆಲಸ ಮಾಡಿದವರು! ಸೋತ ಕಡೆಯವರೆಂದು ಅವರನ್ನು ಹೊರಹಾಕಲಿಲ್ಲ. ಧೋಂಡಿಯ ವಾಘ್‌ನ ದಂಗೆಯನ್ನು 1800ರಲ್ಲಿ ಸೇನೆ ಅಡಗಿಸಿತು. ಕೆರೆಕಾಲುವೆಗಳ ದುರಸ್ತಿ, ಲೆಕ್ಕಪತ್ರ, ಕಂದಾಯವನ್ನು ಪೂರ್ಣಯ್ಯ 1811ರವರೆಗೆ ನೋಡಿಕೊಂಡರು.

ನಮ್ಮ ಕಾಲಕ್ಕೆ ಹತ್ತಿರದ ಎರಡು ದೇಶಗಳನ್ನು ಇದರ ಪಕ್ಕ ಇಟ್ಟು ನೋಡೋಣ. 1945ರಲ್ಲಿ ಜಪಾನ್ ಸೋತಾಗ ಅಮೆರಿಕದ ಜನರಲ್ ಮೆಕಾರ್ಥರ್ ಅಲ್ಲಿನ ಸರ್ಕಾರಿ ಇಲಾಖೆಗಳನ್ನು ಮುಚ್ಚಲಿಲ್ಲ, ಅವುಗಳ ಮೂಲಕವೇ ಆಡಳಿತ ನಡೆಸಿದ. 2003ರಲ್ಲಿ ಇರಾಕಿನಲ್ಲಿ ಆದದ್ದು ಬೇರೆ. ಅಲ್ಲಿ ಆಡಳಿತ ನಡೆಸಲು ಬಂದ ಪಾಲ್ ಬ್ರೆಮರ್ ಸೈನಿಕನಲ್ಲ, ನಾಗರಿಕ ಅಧಿಕಾರಿ. ಆದರೂ ಅವನ ಮೊದಲ ಆಜ್ಞೆಗಳು ಹಳೆಯ ಆಡಳಿತ ಪಕ್ಷದ ಮೇಲ್ಮಟ್ಟದವರನ್ನು ಕೆಲಸದಿಂದ ತೆಗೆದವು, ಇಡೀ ಸೇನೆಯನ್ನು ವಿಸರ್ಜಿಸಿದವು. ಲಕ್ಷಾಂತರ ಮಂದಿ ಒಮ್ಮೆಲೇ ಸಂಬಳ ಕಳೆದುಕೊಂಡರು. ಮುಂದಿನ ವರ್ಷಗಳ ರಕ್ತಪಾತಕ್ಕೆ ಅದೂ ಒಂದು ಕಾರಣವಾಯಿತು.

ಬೈಬಲಿನ ನೆಹೆಮೀಯನನ್ನು ಇಲ್ಲಿ ನೆನೆಯಬಹುದು. ಹಾಳಾದ ಜೆರುಸಲೇಮಿನ ಗೋಡೆ ಕಟ್ಟುವಾಗ ಅವನ ಜನರ ಕೈಯಲ್ಲಿ ಆಯುಧವೂ ಇತ್ತು. ಆದರೆ ಬಡವರು ಹೊಲ ಅಡವಿಟ್ಟು, ಮಕ್ಕಳನ್ನೂ ಜೀತಕ್ಕೆ ಕೊಟ್ಟು ಅಳುತ್ತಿದ್ದಾಗ, ಅವನು ಅವರ ಮೊರೆ ಕೇಳಿ ಶ್ರೀಮಂತರಿಂದ ಹೊಲಗಳನ್ನು ಹಿಂದಕ್ಕೆ ಕೊಡಿಸಿದ. ರಾಜ್ಯಪಾಲನಾಗಿ ತನಗೆ ಸಲ್ಲಬೇಕಾದ ಭತ್ಯವನ್ನೂ ತೆಗೆದುಕೊಳ್ಳಲಿಲ್ಲ. ಗೋಡೆಗಿಂತ ಇದು ದೊಡ್ಡ ಕಟ್ಟಡವಲ್ಲವೇ?

ಆದ್ದರಿಂದ ಸೈನಿಕರೋ ನಾಗರಿಕರೋ ಎಂಬ ಪ್ರಶ್ನೆ ಅರ್ಧ ಮಾತ್ರ. ದಂಗೆ ಅಡಗಿಸಲು ಸೇನೆ ಬೇಕು. ಆದರೆ ಊರು ಮತ್ತೆ ಊರಾಗಬೇಕಾದರೆ ಜನರ ಭಾಷೆ ಬಲ್ಲವರು, ಹೊಲದವರೆಗೆ ನಡೆದು ಬರುವವರು, ಸೋತವರ ಅನುಭವವನ್ನೂ ಬಳಸಿಕೊಳ್ಳುವವರು ಬೇಕು. ಬಡವನ ದೂರನ್ನು ವಸೂಲಿಗಾರನಲ್ಲದೆ ಬೇರೊಬ್ಬರು ಕೇಳುವ ಜಾಗವೂ ಬೇಕು.

ನಮ್ಮಲ್ಲಿ ಅನೇಕರು ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದೇವೆ, ಕೆಲವರು ಸೇನೆ ಸೇರಲು ಓಡುತ್ತಿದ್ದೇವೆ. ಯಾವ ಕುರ್ಚಿ ಸಿಕ್ಕರೂ, ನಮ್ಮ ಮುಂದೆ ಅರ್ಜಿ ಹಿಡಿದು ನಿಂತವರ ಭಾಷೆಯಲ್ಲಿ ಅವರ ಮಾತನ್ನು ಪೂರ್ತಿ ಕೇಳೋಣ. ಬಾರಾಮಹಲಿನ ರೈತನಿಗೆ ಅಂದು ಬೇಕಾಗಿದ್ದದ್ದೂ ಅಷ್ಟೇ.