ಸ್ಕ್ರೋಲ್: ಸುರುಳಿಯಿಂದ ಪರದೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇವುಗಳಲ್ಲಿ ಯಾವ ಊರಿನ ಬಸ್ ನಿಲ್ದಾಣದಲ್ಲಿ ನಿಂತರೂ, ಕಾಲೇಜಿಗೆ ಹೊರಟವರ ಹೆಬ್ಬೆರಳು ಮೊಬೈಲ್ ಪರದೆಯ ಮೇಲೆ ಸರಿಯುತ್ತಿರುವುದನ್ನು ಕಾಣಬಹುದು. ಕೇಳಿದರೆ 'ಸ್ಕ್ರೋಲ್ ಮಾಡ್ತಿದ್ದೀವಿ' ಎನ್ನುತ್ತಾರೆ. ಈ ಪದ ಬಂದದ್ದು ಎಲ್ಲಿಂದ?

ಇಂಗ್ಲಿಷಿನಲ್ಲಿ ಸ್ಕ್ರೋಲ್ ಮೊದಲು ಒಂದು ವಸ್ತುವಿನ ಹೆಸರು. ಬರೆಯಲು ಬಳಸುತ್ತಿದ್ದ ಚರ್ಮದ ಅಥವಾ ಕಾಗದದ ಸುರುಳಿ ಎಂದು ಅರ್ಥ. ಹಳೆಯ ಫ್ರೆಂಚ್ ಮೂಲದ ಪದವೊಂದಕ್ಕೆ 'ರೋಲ್' ಪದದ ಪ್ರಭಾವ ತಗುಲಿ, 15ನೆಯ ಶತಮಾನದ ವೇಳೆಗೆ ಈ ರೂಪ ಬಂದಿತು. ಪ್ರಾಚೀನ ಈಜಿಪ್ಟ್, ಗ್ರೀಸ್, ರೋಮ್‌ಗಳಲ್ಲಿ ಪುಸ್ತಕವೆಂದರೆ ಪಪೈರಸ್ ಸುರುಳಿ. ಓದುಗ ಒಂದು ಕೈಯಿಂದ ಬಿಚ್ಚುತ್ತ, ಇನ್ನೊಂದು ಕೈಯಿಂದ ಸುತ್ತುತ್ತ ಹೋಗಬೇಕಿತ್ತು. ಕಣ್ಣೆದುರು ಇರುತ್ತಿದ್ದುದು ಬರಹದ ಒಂದು ತುಣುಕು ಮಾತ್ರ. ಕಂಪ್ಯೂಟರಿನ ಪುಟ್ಟ ಪರದೆಯಲ್ಲಿ ಉದ್ದನೆಯ ಬರಹವನ್ನು ತೋರಿಸಬೇಕಾದಾಗ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಇದೇ ಹೋಲಿಕೆ ಒದಗಿಬಂದಿತು. ಸುರುಳಿಯ ಹೆಸರು ಸರಿಸುವ ಕ್ರಿಯೆಗೆ ಅಂಟಿತು. ಟಿ.ವಿ. ಸುದ್ದಿಯ ತಳದಲ್ಲಿ ಅಡ್ಡಲಾಗಿ ಓಡುವ ಸಾಲನ್ನೂ ನಾವು ಸ್ಕ್ರೋಲ್ ಎನ್ನುತ್ತೇವೆ. ಅದರ ಇನ್ನೊಂದು ಹೆಸರು ಟಿಕರ್. 1867ರಲ್ಲಿ ಅಮೆರಿಕದಲ್ಲಿ ಬಂದ, ಷೇರು ಬೆಲೆಗಳನ್ನು ಕಾಗದದ ಪಟ್ಟಿಯ ಮೇಲೆ ಟಿಕ್ ಟಿಕ್ ಎಂದು ಅಚ್ಚೊತ್ತುತ್ತಿದ್ದ ಯಂತ್ರದ ಹೆಸರದು.

ನಮ್ಮ ನಾಡಿನ ಬರಹದ ದಾರಿ ಬೇರೆಯಾಗಿತ್ತು. ಇಲ್ಲಿ ತಾಳೆಗರಿಗಳನ್ನು ಸುತ್ತಲಿಲ್ಲ. ತೂತು ಕೊರೆದು ದಾರದಲ್ಲಿ ಕೋದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಕೆ ಹಾಕಿ, ಬಳಪದಿಂದ ಬರೆದರು. ಅದು ಕಡತ. ಆ ಕಪ್ಪು ಬಟ್ಟೆ ಮರೆಯಾಗಿ, ಇಂದು ಸರ್ಕಾರಿ ಕಚೇರಿಯ ಫೈಲು ಕಡತವಾಗಿದೆ. ವಸ್ತು ಹೋದರೂ ಹೆಸರು ಉಳಿಯಿತು, ಸ್ಕ್ರೋಲ್‌ನ ಹಾಗೆಯೇ.

ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಇದಕ್ಕೆ ಒಳ್ಳೆಯ ಸಾಕ್ಷಿ. ಕಾಲ ಸುಮಾರು 4ನೆಯ ಶತಮಾನ. ರೋಮ್ ಸಾಮ್ರಾಜ್ಯದಲ್ಲಿ ಸುರುಳಿ ಹಿಂದೆ ಸರಿದು, ಹಾಳೆ ಹೊಲಿದ ಪುಸ್ತಕ ಮುಂದೆ ಬರುತ್ತಿದ್ದುದೂ ಸರಿಸುಮಾರು ಆಗಲೇ. ಕಾಂಚಿಯಿಂದ ಹೊರಟ ಈ ಶಾಸನ, ತನ್ನ ತಂದೆ ಕೊಟ್ಟಿದ್ದ ದಾನವನ್ನು ದೊರೆ ಸ್ಥಿರಪಡಿಸಿದ್ದನ್ನು ಹೇಳುತ್ತದೆ. ಎಂಟು ತಗಡುಗಳನ್ನು ಓಲೆಗಳಂತೆ ಒಂದು ಬಳೆಯಲ್ಲಿ ಕೋದಿದ್ದಾರೆ. ಭೂಮಿಯ ಹಕ್ಕು ನಿಂತಿದ್ದುದು ಆ ಬರಹದ ಮೇಲೆ. ಆದ್ದರಿಂದ ಮೊದಲ ತಗಡೂ ಇರಬೇಕು, ಕೊನೆಯದೂ ಇರಬೇಕು. ನಡುವೆ ಒಂದೂ ಕಳೆಯಬಾರದು.

ಪಪೈರಸ್ ಸುರುಳಿಗೂ ಒಂದು ಕೊನೆ ಇತ್ತು. ಬಿಚ್ಚಿ ಮುಗಿದ ಮೇಲೆ ಓದುಗ ಅದನ್ನು ಕೆಳಗಿಡುತ್ತಿದ್ದ. ಇಂದಿನ ಮೊಬೈಲ್ ಸ್ಕ್ರೋಲ್‌ಗೆ ಆ ಕೊನೆಯಿಲ್ಲ. ಬೆರಳು ಸರಿಸಿದಷ್ಟೂ ಹೊಸದು ಬಂದು ಸೇರುವ ಈ ವಿಧಾನವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. ಪದ ಹಳೆಯದೇ, ಆದರೆ ಅದರೊಳಗಿದ್ದ 'ಮುಗಿಯಿತು' ಎಂಬ ಅರ್ಥ ಜಾರಿಹೋಗಿದೆ.

ಕನ್ನಡದಲ್ಲಿ ಇದಕ್ಕೆ 'ಸರಿಸು' ಎನ್ನಿ, ಸ್ಕ್ರೋಲ್ ಎಂದೇ ಅನ್ನಿ, ಎರಡೂ ಸಲ್ಲುತ್ತವೆ. ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಪರದೆ ಹೇಳುವುದಿಲ್ಲ. ಆ ಎಂಟನೆಯ ತಗಡನ್ನು ಓದುಗನೇ ಇಟ್ಟುಕೊಳ್ಳಬೇಕು.